ಎನ್‌ಐಟಿ ಕಪ್ ಚಟ್ಟನೂಗ ಪಾಲಾಯಿತು. ಈ ಟೂರ್ನಿಗೆ ಇನ್ನೂ ಬೆಲೆ ಇದೆಯಾ, ಇಲ್ವಾ?

ಡಂಕ್ ದೊರೆ (ಬೆಂಗಳೂರು), ಏಪ್ರಿಲ್ 4, 2025

ಇವತ್ತು ಬೆಳಿಗ್ಗೆ ಎನ್‌ಐಟಿ ಫೈನಲ್ ನೋಡಿದೆ. ಚಟ್ಟನೂಗ 85, ಯುಸಿ ಅರ್ವೈನ್ 84. ಅದೂ ಓವರ್‌ಟೈಮ್‌ನಲ್ಲಿ. ಆಫೀಸ್ ಮೀಟಿಂಗ್‌ಗೆ ಲೇಟಾಗಿ ಹೋದೆ, ಬೇಜಾರೇನೂ ಆಗಲಿಲ್ಲ.

ಸುರತ್ಕಲ್ ಎನ್‌ಐಟಿ ಅಂದುಕೊಂಡು ಒಳಗೆ ಬಂದವರಿಗೆ: ಇದು ನ್ಯಾಷನಲ್ ಇನ್ವಿಟೇಶನ್ ಟೂರ್ನಮೆಂಟ್. ಅಮೆರಿಕದ ಕಾಲೇಜು ಹುಡುಗರ ಬ್ಯಾಸ್ಕೆಟ್‌ಬಾಲ್. ಅಲ್ಲಿ ಡಿವಿಷನ್ 1 ಅನ್ನೋ ಮೇಲಿನ ದರ್ಜೆಯಲ್ಲಿ 360ಕ್ಕೂ ಜಾಸ್ತಿ ಕಾಲೇಜುಗಳಿವೆ. ಮಾರ್ಚ್‌ನಲ್ಲಿ ಅದರಲ್ಲಿ 68 ಟೀಮುಗಳು ಎನ್‌ಸಿಎಎ (ಅಲ್ಲಿನ ಕಾಲೇಜು ಕ್ರೀಡೆ ನೋಡಿಕೊಳ್ಳುವ ಸಂಸ್ಥೆ) ನಡೆಸುವ ಟೂರ್ನಿಗೆ ಹೋಗುತ್ತವೆ. ಮಾರ್ಚ್ ಮ್ಯಾಡ್ನೆಸ್ ಅಂತ ಎಲ್ಲರೂ ಹುಚ್ಚೆದ್ದು ನೋಡೋದು ಅದನ್ನೇ. ಅಲ್ಲಿ ಜಾಗ ಸಿಗದವರಲ್ಲಿ 32 ಟೀಮುಗಳನ್ನು ಕರೆದು ಆಡಿಸುವುದು ಈ ಎನ್‌ಐಟಿ.

ಗೆದ್ದವರು "ನಾವೇ ನಂಬರ್ 69" ಅಂತ ಕೂಗಬೇಕು ಅಂತ ಅಮೆರಿಕದಲ್ಲಿ ಒಂದು ಹಳೇ ಜೋಕು ಇದೆಯಂತೆ. ನನಗೆ ಮಾತ್ರ ಇವತ್ತಿನ ಮ್ಯಾಚ್ ನೋಡಿ ಹಾಗೆ ಅನ್ನಿಸಲಿಲ್ಲ. ಎರಡೂ ಕಡೆ ಹುಡುಗರು ನೆಲಕ್ಕೆ ಬಿದ್ದು ಬಾಲ್ ಹಿಡಿಯುತ್ತಿದ್ದರು. ಅಲ್ಲಿ ಇರುವವರು, ತುಂಬಾ ವರ್ಷದಿಂದ ನೋಡುತ್ತಿರುವವರು ಹೇಳಿ. ಇದು ಸುಮ್ನೆ ಟೈಂಪಾಸ್ ಟೂರ್ನಿನಾ?

ಸೈಡ್‌ಲೈನ್

ಟೈಂಪಾಸೇ ಗುರು. ಸಿಇಟಿಯಲ್ಲಿ ಸೀಟ್ ಸಿಗದವರು ಕಾಮೆಡ್‌ಕೆ ಕೌನ್ಸೆಲಿಂಗ್‌ಗೆ ಹೋಗಿ ನಿಂತ ಹಾಗೆ. ಅಲ್ಲಿ ಫಸ್ಟ್ ರ‍್ಯಾಂಕ್ ಬಂದರೂ ಮನೆಯಲ್ಲಿ "ಸಿಇಟಿ ಏನಾಯ್ತು?" ಅಂತಲೇ ಕೇಳುತ್ತಾರೆ.

ಫ್ರೀಥ್ರೋ ಅಕ್ಕ (ಮೈಸೂರು)

ಕಾಮೆಡ್‌ಕೆಯಲ್ಲಿ ಸೀಟ್ ತಗೊಂಡ ನಮ್ಮ ಅಣ್ಣ ಇವತ್ತು ನಿಮಗಿಂತ ಚೆನ್ನಾಗಿಯೇ ಇದ್ದಾನೆ ಬಿಡಿ 😄

ಮೇಷ್ಟ್ರು (ನ್ಯೂಜೆರ್ಸಿ)

ಸೈಡ್‌ಲೈನ್ ಅವರೇ, ನಿಮ್ಮ ಮಾತು ಈಗಿನ ಕಾಲಕ್ಕೆ ಸರಿ ಇರಬಹುದು. ಆದರೆ ಮೊದಲು ಹುಟ್ಟಿದ್ದು ಎನ್‌ಐಟಿ. 1938ರಲ್ಲಿ ನ್ಯೂಯಾರ್ಕಿನ ಬ್ಯಾಸ್ಕೆಟ್‌ಬಾಲ್ ವರದಿಗಾರರ ಸಂಘ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಶುರು ಮಾಡಿದ್ದು. ಆರೇ ಟೀಮು. ಫೈನಲ್‌ನಲ್ಲಿ ಟೆಂಪಲ್ 60-36ರಿಂದ ಕೊಲರಾಡೋವನ್ನು ಸೋಲಿಸಿತು. ಆ ಕೊಲರಾಡೋ ಟೀಮಿನಲ್ಲಿ ಬೈರನ್ ವೈಟ್ ಅನ್ನೋ ಹುಡುಗ ಇದ್ದ. ಮುಂದೆ ಅವನು ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದ. ಎನ್‌ಸಿಎಎ ಟೂರ್ನಿ ಬಂದಿದ್ದು ಅದರ ಮರುವರ್ಷ, 1939ರಲ್ಲಿ.

ಆಗ ನ್ಯೂಯಾರ್ಕ್ ಅಂದರೆ ಪತ್ರಿಕೆಗಳು, ರೇಡಿಯೋ, ದುಡ್ಡು, ಜನ ಎಲ್ಲ. ಗಾರ್ಡನ್‌ನಲ್ಲಿ ಆಡಿದರೆ ಬೆಳಗಾಗುವುದರೊಳಗೆ ಹೆಸರು. ಹಾಗಾಗಿ ಒಳ್ಳೇ ಟೀಮುಗಳು ಎನ್‌ಐಟಿ ಕಡೆಗೇ ಮುಖ ಮಾಡುತ್ತಿದ್ದವು. ಎರಡೂ ಟೂರ್ನಿ ಆಡುವ ಅವಕಾಶವೂ ಇತ್ತು.

1944ರ ಯೂಟಾ ಕಥೆ ಕೇಳಿ. ಎನ್‌ಐಟಿಯ ಮೊದಲ ಮ್ಯಾಚ್‌ನಲ್ಲೇ ಕೆಂಟಕಿ ಕೈಯಲ್ಲಿ ಸೋತರು. ಅಷ್ಟರಲ್ಲಿ ಅರ್ಕನ್ಸಾಸ್ ಟೀಮಿಗೆ ರಸ್ತೆ ಅಪಘಾತವಾಗಿ ಅವರು ಎನ್‌ಸಿಎಎಯಿಂದ ಹಿಂದೆ ಸರಿದರು. ಆ ಜಾಗಕ್ಕೆ ಯೂಟಾವನ್ನು ಕರೆದರು. ಹೋದವರು ಕಪ್ಪನ್ನೇ ಗೆದ್ದರು, ಅದೂ ಅದೇ ಗಾರ್ಡನ್‌ನಲ್ಲಿ. ಆಮೇಲೆ ರೆಡ್ ಕ್ರಾಸ್ ಸಹಾಯಕ್ಕಾಗಿ ನಡೆದ ಮ್ಯಾಚ್‌ನಲ್ಲಿ ಎನ್‌ಐಟಿ ಚಾಂಪಿಯನ್ ಸೇಂಟ್ ಜಾನ್ಸ್‌ಗೂ ಸೋಲುಣಿಸಿದರು. ಎನ್‌ಐಟಿಯಲ್ಲಿ ಮೊದಲ ದಿನವೇ ಸೋತವರು!

ಆ ಟೀಮಿನಲ್ಲಿ ವ್ಯಾಟ್ ಮಿಸಾಕ ಇದ್ದ. ಜಪಾನಿ ಮೂಲದ ಅಮೆರಿಕನ್ ಹುಡುಗ. ಅದು ಯುದ್ಧದ ಕಾಲ, ಅವನಂಥ ಸಾವಿರಾರು ಕುಟುಂಬಗಳನ್ನು ಸರ್ಕಾರ ಶಿಬಿರಗಳಲ್ಲಿ ಕೂಡಿಹಾಕಿತ್ತು. ಮಿಸಾಕ ಸೈನ್ಯಕ್ಕೆ ಹೋಗಿ ಬಂದು 1947ರಲ್ಲಿ ಮತ್ತೆ ಯೂಟಾಗೆ ಆಡಿದ. ಆ ವರ್ಷದ ಎನ್‌ಐಟಿ ಫೈನಲ್‌ನಲ್ಲಿ ಯೂಟಾ 49, ಕೆಂಟಕಿ 45. ಕೆಂಟಕಿಯ ಸ್ಟಾರ್ ರಾಲ್ಫ್ ಬಿಯರ್ಡ್‌ನ ಬೆನ್ನು ಬಿಡದೆ ಕಾದ ಮಿಸಾಕ, ಅವನಿಗೆ ಇಡೀ ಮ್ಯಾಚ್‌ನಲ್ಲಿ ಬಿಟ್ಟುಕೊಟ್ಟಿದ್ದು ಒಂದೇ ಪಾಯಿಂಟ್. ಮಿಸಾಕನ ಎತ್ತರ ಐದಡಿ ಏಳಂಗುಲ. ಆ ಆಟ ನೋಡಿದ ಮೇಲೆ ನ್ಯೂಯಾರ್ಕ್ ನಿಕ್ಸ್ ಅವನನ್ನು ಆರಿಸಿಕೊಂಡಿತು. ಇವತ್ತಿನ ಎನ್‌ಬಿಎ ಅನ್ನೋ ಲೀಗ್‌ನಲ್ಲಿ ಆಡಿದ ಮೊದಲ ಬಿಳಿಯನಲ್ಲದ ಆಟಗಾರ ಅವನೇ. ಆಡಿದ್ದು ಮೂರೇ ಮ್ಯಾಚ್, ಅದು ಬೇರೆ ಮಾತು.

ಅತ್ತಿಗುಪ್ಪೆ

ಮೇಷ್ಟ್ರೇ, ಐದಡಿ ಏಳಂಗುಲ ಅಂದಿರಲ್ಲ, ಅದೊಂದೇ ಸಾಕು ನನಗೆ. ಇವತ್ತು ಸಂಜೆ ಮತ್ತೆ ಗ್ರೌಂಡ್‌ಗೆ ಹೋಗುತ್ತೇನೆ.

ಅಷ್ಟು ದೊಡ್ಡದಾಗಿದ್ದ ಟೂರ್ನಿ ಕೆಳಗೆ ಬಿದ್ದಿದ್ದು ಹೇಗೆ?

ಮೇಷ್ಟ್ರು (ನ್ಯೂಜೆರ್ಸಿ)

ಒಂದೇ ದಿನ ಬೀಳಲಿಲ್ಲ. ಮೊದಲ ಏಟು ಬೆಟ್ಟಿಂಗ್.

1950ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ಎನ್‌ಐಟಿ, ಎನ್‌ಸಿಎಎ ಎರಡೂ ಗೆದ್ದಿತು. ಒಂದೇ ವರ್ಷ ಎರಡೂ ಗೆದ್ದವರು ಇವತ್ತಿಗೂ ಅವರೊಬ್ಬರೇ. ಎರಡೂ ಫೈನಲ್‌ನಲ್ಲಿ ಸೋತಿದ್ದು ಬ್ರಾಡ್ಲಿ ಕಾಲೇಜು, ಪಾಪ. ಸಿಟಿ ಕಾಲೇಜಿನಲ್ಲಿ ಫೀಸೇ ಇರಲಿಲ್ಲ. ಟೀಮಿನ ಮುಖ್ಯ ಐದು ಜನರಲ್ಲಿ ಮೂವರು ಯಹೂದಿ ಹುಡುಗರು, ಇಬ್ಬರು ಕರಿಯ ಹುಡುಗರು. ಬಡವರ ಮನೆ ಮಕ್ಕಳು. ಎನ್‌ಐಟಿಯಲ್ಲಿ ಅವರು ಕೆಂಟಕಿಯನ್ನು 89-50ರಿಂದ ಸೋಲಿಸಿದಾಗ ಊರಿಗೆ ಊರೇ ಕುಣಿಯಿತಂತೆ.

ವರ್ಷ ಕಳೆಯುವುದರೊಳಗೆ, 1951ರ ಫೆಬ್ರವರಿಯಲ್ಲಿ, ಫಿಲಡೆಲ್ಫಿಯಾದಲ್ಲಿ ಮ್ಯಾಚ್ ಮುಗಿಸಿ ರೈಲಿನಲ್ಲಿ ವಾಪಸ್ ಬಂದ ಅದೇ ಆಟಗಾರರನ್ನು ಪೆನ್ ಸ್ಟೇಷನ್‌ನಲ್ಲಿ ಪೊಲೀಸರು ಹಿಡಿದರು. ಸೋಲೋದಕ್ಕಲ್ಲ, ಗೆಲ್ಲುವ ಅಂತರ ಕಡಿಮೆ ಇಟ್ಟುಕೊಳ್ಳೋದಕ್ಕೆ ಬುಕ್ಕಿಗಳಿಂದ ದುಡ್ಡು ತೆಗೆದುಕೊಂಡಿದ್ದರು. ಬ್ರಾಡ್ಲಿ, ಕೆಂಟಕಿ ಹುಡುಗರೂ ಸಿಕ್ಕಿಬಿದ್ದರು. ಮಿಸಾಕ ಕಾದ ಬಿಯರ್ಡ್ ಕೂಡ ಅದರಲ್ಲಿ ಒಬ್ಬ. ಗಾರ್ಡನ್ ಹೆಸರು ಕೆಟ್ಟಿತು. ಎನ್‌ಸಿಎಎ ಆಮೇಲೆ ಅಲ್ಲಿ ಫೈನಲ್ ಆಡಿಸಲೇ ಇಲ್ಲ.

ಎರಡನೇ ಏಟು 1970ರಲ್ಲಿ. ಮಾರ್ಕೆಟ್ (Marquette) ಯೂನಿವರ್ಸಿಟಿಯ ಕೋಚ್ ಆಲ್ ಮೆಗ್ವಾಯರ್. ಎನ್‌ಸಿಎಎಯವರು ಅವರ ಟೀಮನ್ನು ಪಕ್ಕದ ಡೇಟನ್ ಬಿಟ್ಟು ದೂರದ ಟೆಕ್ಸಾಸ್ ಕಡೆಯ ಗುಂಪಿಗೆ ಹಾಕಿದರು. ಮನುಷ್ಯ "ನಿಮ್ಮ ಟೂರ್ನಿ ನೀವೇ ಇಟ್ಟುಕೊಳ್ಳಿ" ಅನ್ನೋ ಹಾಗೆ ಎದ್ದು ಬಂದು ಎನ್‌ಐಟಿ ಆಡಿಸಿದ, ಗೆದ್ದೂಬಿಟ್ಟ. ದಾರಿಯಲ್ಲಿ ಸೆಮಿಫೈನಲ್‌ನಲ್ಲಿ ಸ್ಟಾರ್ ಆಟಗಾರ ಪೀಟ್ ಮಾರವಿಚ್ ಇದ್ದ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್) ಟೀಮಿಗೆ ನೂರಕ್ಕೂ ಜಾಸ್ತಿ ಪಾಯಿಂಟ್ ಹೊಡೆದರು. ಎನ್‌ಸಿಎಎಗೆ ಇದು ನುಂಗಲಾರದ ತುತ್ತು. ನಾವು ಕರೆದರೆ ಬರಲೇಬೇಕು, ಬೇರೆ ಕಡೆ ಹೋಗುವ ಹಾಗಿಲ್ಲ ಅಂತ ನಿಯಮ ತಂದರು.

ಅದಾದ ಮೇಲೆ ಅವರು ತಮ್ಮ ಟೂರ್ನಿಯನ್ನು ಹಿಗ್ಗಿಸುತ್ತಾ ಹೋದರು. 1975ರಲ್ಲಿ 32 ಟೀಮು, 1985ರಲ್ಲಿ 64, ಈಗ 68. ಮೊದಲು ಒಂದು ಕಾನ್ಫರೆನ್ಸ್‌ನಿಂದ (ಒಂದು ಲೀಗ್ ಆಡುವ ಕಾಲೇಜುಗಳ ಗುಂಪು) ಒಬ್ಬರೇ ಹೋಗಬಹುದಿತ್ತು. ಎರಡನೇ ಸ್ಥಾನದ ಬಲವಾದ ಟೀಮೆಲ್ಲ ಎನ್‌ಐಟಿಗೆ ಬರುತ್ತಿತ್ತು. ಆ ಬಾಗಿಲೂ ಮುಚ್ಚಿತು. ಉಳಿದಿದ್ದು ಉಳಿದವರು.

ನ್ಯೂಯಾರ್ಕಿನ ಐದು ಕಾಲೇಜುಗಳು ಸೇರಿ ಎನ್‌ಐಟಿ ನಡೆಸುತ್ತಿದ್ದವು. ಅವು ಎನ್‌ಸಿಎಎ ಮೇಲೆ ಕೋರ್ಟಿಗೆ ಹೋದವು. 2005ರಲ್ಲಿ ರಾಜಿಯಾಯಿತು. ಹೇಗೆ ಗೊತ್ತಾ? ಎನ್‌ಸಿಎಎ ಟೂರ್ನಿಯನ್ನೇ ಕೊಂಡುಕೊಂಡಿತು. ಎಲ್ಲ ಸೇರಿ 5.65 ಕೋಟಿ ಡಾಲರ್. ಅಂದರೆ ಇವತ್ತು ಎರಡೂ ಅಂಗಡಿಗೂ ಒಬ್ಬರೇ ಮಾಲೀಕರು.

ಸೈಡ್‌ಲೈನ್

ಇಷ್ಟೆಲ್ಲ ಓದಿದ ಮೇಲೆ ನನ್ನ ಮಾತೇ ಗಟ್ಟಿಯಾಯಿತು ಮೇಷ್ಟ್ರೇ. ದೊಡ್ಡದಾಗಿತ್ತು, ಈಗಿಲ್ಲ. ಸೇಂಟ್ ಜಾನ್ಸ್ ಆರು ಸಲ ಈ ಕಪ್ ಎತ್ತಿದವರು. (2003ರದ್ದು ಆಮೇಲೆ ರದ್ದಾಯಿತು.) ಅವರೇ 2024ರಲ್ಲಿ ಕರೆದರೂ ಬರಲ್ಲ ಅಂದರು. ಒಕ್ಲಹೋಮಾ ಬರಲಿಲ್ಲ, ಪಿಟ್ಸ್‌ಬರ್ಗ್ ಬರಲಿಲ್ಲ, ಮೆಂಫಿಸ್ ಬರಲಿಲ್ಲ. ಮದುವೆಗೆ ಕರೆದ ಹತ್ತಿರದ ನೆಂಟರೇ ಬರದಿದ್ದರೆ ಇನ್ನೇನು ಉಳಿಯಿತು?

ಮತ್ತೆ ಹುಡುಗರ ಕಡೆಯಿಂದಲೂ ನೋಡಿ. 2024ರಲ್ಲಿ ಎನ್‌ಸಿಎಎ ಪಟ್ಟಿ ಪ್ರಕಟವಾದ ಮರುದಿನವೇ ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸುವ ಆಟಗಾರರು ಹೆಸರು ಕೊಡುವ ಪಟ್ಟಿ) ತೆರೆಯಿತು. ಎನ್‌ಐಟಿ ಶುರುವಾಗೋ ಮೊದಲೇ! ಬೇರೆ ಕಾಲೇಜಿನವರು ದುಡ್ಡು ಹಿಡಿದುಕೊಂಡು ಕಾಯುತ್ತಿದ್ದಾರೆ. ಇವನು ಇಲ್ಲಿ ಮೊಣಕಾಲು ಮುರಿದುಕೊಂಡರೆ ಯಾರು ಕೇಳುತ್ತಾರೆ? ಬರಲ್ಲ ಅಂದವರನ್ನು ನಾನು ಬೈಯಲ್ಲ.

ಸಿಕಮೋರ್ ಕನ್ನಡಿಗ (ಇಂಡಿಯಾನಾ)

ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ, ಇವತ್ತು ಬರೆಯಲೇಬೇಕು ಅನ್ನಿಸಿತು. ನಾನಿರುವುದು ಟೆರೆ ಹೋಟ್‌ನಲ್ಲಿ. ಇಂಡಿಯಾನಾ ಸ್ಟೇಟ್ ಯೂನಿವರ್ಸಿಟಿಯ ಊರು. ಮುಂದೆ ಎನ್‌ಬಿಎ ದಿಗ್ಗಜನಾದ ಲ್ಯಾರಿ ಬರ್ಡ್ ಓದಿದ ಕಾಲೇಜು. 1979ರಲ್ಲಿ ಬರ್ಡ್ ಟೀಮು ಎನ್‌ಸಿಎಎ ಫೈನಲ್ ತನಕ ಹೋಗಿ ಮ್ಯಾಜಿಕ್ ಜಾನ್ಸನ್ ಟೀಮಿಗೆ ಸೋತಿತ್ತು. ಅಲ್ಲಿಂದೀಚೆಗೆ ಊರಿನವರು ಅದನ್ನೇ ಹೇಳಿಕೊಂಡು ಬಂದಿದ್ದಾರೆ.

2024ರಲ್ಲಿ ನಮ್ಮ ಟೀಮು ಲೀಗ್ ಗೆದ್ದಿತು. ಕನ್ನಡಕ ಹಾಕಿಕೊಂಡು ಆಡುವ ರಾಬಿ ಅವಿಲಾ ಅನ್ನೋ ಸೆಂಟರ್, ನೋಡಿದರೆ ಲೈಬ್ರರಿಯಿಂದ ಎದ್ದು ಬಂದವನ ಹಾಗೆ ಕಾಣುತ್ತಾನೆ. ಆದರೆ ಬಾಲ್ ಪಾಸ್ ಮಾಡೋದು ನೋಡಬೇಕು. ಕಾನ್ಫರೆನ್ಸ್ ಟೂರ್ನಿಯ ಫೈನಲ್‌ನಲ್ಲಿ ಡ್ರೇಕ್ ಕೈಯಲ್ಲಿ 84-80ರಿಂದ ಸೋತೆವು. ಇಲ್ಲಿ ಒಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ. ಎರಡು ತಿಂಗಳು ಆಡಿ ಲೀಗ್ ಗೆದ್ದರೂ ಎನ್‌ಸಿಎಎ ಟಿಕೆಟ್ ಗ್ಯಾರಂಟಿ ಇಲ್ಲ. ಆ ಟಿಕೆಟ್ ಕೊನೆಯ ವಾರದ ಕಾನ್ಫರೆನ್ಸ್ ಟೂರ್ನಿ ಗೆದ್ದವರಿಗೆ. ದೊಡ್ಡ ಕಾನ್ಫರೆನ್ಸ್‌ನವರಿಗೆ ಸೋತರೂ ಕಮಿಟಿ ಜಾಗ ಕೊಡುತ್ತೆ. ನಮ್ಮಂಥವರಿಗೆ ಒಂದು ರಾತ್ರಿ ಕೆಟ್ಟರೆ ಮುಗಿಯಿತು. 28 ಗೆಲುವು, 6 ಸೋಲು ಇದ್ದರೂ ನಮ್ಮನ್ನು ಬಿಟ್ಟರು.

ಪಟ್ಟಿ ಬಂದ ಭಾನುವಾರ ಊರು ಸಾವಿನ ಮನೆ ಹಾಗಿತ್ತು. ಎನ್‌ಐಟಿಗೆ ಯಾರು ಹೋಗ್ತಾರೆ ಅಂತ ನಾನೂ ಅಂದುಕೊಂಡೆ. ಹುಲ್ಮನ್ ಸೆಂಟರ್ ಬಾಗಿಲಿಗೆ ಹೋದರೆ ಕ್ಯೂ ಮೂಲೆ ತಿರುಗಿ ಆಚೆ ಬೀದಿಗೆ ಹೋಗಿತ್ತು. ಚಿಕ್ಕ ಮಕ್ಕಳೆಲ್ಲ ಅವಿಲಾ ಥರ ಗಾಗಲ್ಸ್ ಹಾಕಿಕೊಂಡಿದ್ದರು. ಕೆಲವರದ್ದು ಈಜುಕೊಳದ ಗಾಗಲ್ಸ್, ಕೆಲವರದ್ದು ಅಪ್ಪನ ವರ್ಕ್‌ಶಾಪಿನದ್ದು. ನನ್ನ ಮುಂದೆ ಒಬ್ಬರು ಅಜ್ಜ, ಬರ್ಡ್ ಕಾಲದ ಬಣ್ಣ ಮಾಸಿದ ಜಾಕೆಟ್‌ನಲ್ಲಿ, ಮೊಮ್ಮಗಳ ಗಾಗಲ್ಸ್‌ನ ಎಲಾಸ್ಟಿಕ್ ಗಂಟು ಹಾಕುತ್ತಾ ನಿಂತಿದ್ದರು.

ಎಸ್‌ಎಂಯು ಬಂತು, ಸೋತಿತು. ಮಿನಿಸೋಟಾ ಬಂತು, ಸೋತಿತು. ಸಿನ್ಸಿನಾಟಿ 85-81. ಸೆಮಿಫೈನಲ್‌ಗೆ ಇಂಡಿಯಾನಾಪೊಲಿಸ್‌ನ ಹಿಂಕಲ್ ಫೀಲ್ಡ್‌ಹೌಸ್. ಐ-70 ಹಿಡಿದರೆ ಒಂದು ಗಂಟೆ ಚಿಲ್ಲರೆ ದಾರಿ. ದಾರಿಯುದ್ದಕ್ಕೂ ನೀಲಿ ಬಾವುಟದ ಕಾರುಗಳು. ಯೂಟಾಗೆ ನೂರು ಪಾಯಿಂಟ್ ಹೊಡೆದೆವು. ಫೈನಲ್‌ನಲ್ಲಿ ಸೀಟನ್ ಹಾಲ್ ಎದುರು ಕೊನೇ ನಿಮಿಷಗಳ ತನಕ ಮುಂದಿದ್ದು 79-77ರಿಂದ ಸೋತೆವು. ಹೊರಗೆ ಬಂದ ಮೇಲೂ ಯಾರೂ ಕಾರು ಹತ್ತಲಿಲ್ಲ, ಪಾರ್ಕಿಂಗ್‌ನಲ್ಲೇ ನಿಂತಿದ್ದರು.

ಇದನ್ನು ಟೈಂಪಾಸ್ ಅನ್ನಬೇಡಿ. ಸೇಂಟ್ ಜಾನ್ಸ್‌ಗೆ ಬೇಡವಾಗಿರಬಹುದು. ನಮಗೆ ಬೇಕಿತ್ತು.

ಡಂಕ್ ದೊರೆ (ಬೆಂಗಳೂರು)

ನಾನು ಕೇಳಿದ್ದು ಇದನ್ನೇ. ಥ್ಯಾಂಕ್ಸ್ ಗುರೂ.

ಮೂರು ಪಾಯಿಂಟ್

ಸಿಕಮೋರ್ ಅವರು ಸೌಮ್ಯವಾಗಿ ಬಿಟ್ಟ ಒಂದು ಸಂಗತಿ ನಾನು ಹೇಳುತ್ತೇನೆ, ಏಕೆಂದರೆ ಅದು ನೆನಪಾದರೆ ನನಗೆ ಈಗಲೂ ಕೋಪ ಬರುತ್ತೆ.

2000ರ ದಶಕದ ಮಧ್ಯದಿಂದ ಎನ್‌ಐಟಿಯಲ್ಲಿ ಒಂದು ಒಳ್ಳೇ ನಿಯಮ ಇತ್ತು. ಲೀಗ್ ಗೆದ್ದು, ಕಾನ್ಫರೆನ್ಸ್ ಟೂರ್ನಿಯಲ್ಲಿ ಸೋತು, ಎನ್‌ಸಿಎಎ ಟಿಕೆಟ್ ತಪ್ಪಿಸಿಕೊಂಡ ಯಾವ ಕಾಲೇಜಿಗಾದರೂ ಎನ್‌ಐಟಿಯಲ್ಲಿ ಜಾಗ ಗ್ಯಾರಂಟಿ. ಎಷ್ಟೇ ಸಣ್ಣ ಊರಾಗಿರಲಿ. 2023ರ ಅಕ್ಟೋಬರ್‌ನಲ್ಲಿ ಎನ್‌ಸಿಎಎ ಅದನ್ನು ತೆಗೆದುಹಾಕಿತು. ಬದಲಿಗೆ ಆರು ದೊಡ್ಡ ಕಾನ್ಫರೆನ್ಸ್‌ಗಳಿಗೆ ತಲಾ ಎರಡು ಜಾಗ ಕೊಟ್ಟರು. ಮೊದಲ ಮ್ಯಾಚ್ ಅವರ ಮನೆಯಂಗಳದಲ್ಲೇ. ಫಾಕ್ಸ್ ಟಿವಿಯವರು ದೊಡ್ಡ ಕಾಲೇಜುಗಳನ್ನು ಕರೆದು ಲಾಸ್ ವೆಗಾಸ್‌ನಲ್ಲಿ ಬೇರೆ ಟೂರ್ನಿ ಮಾಡುವ ಸುದ್ದಿ ಇತ್ತು. ಆ ದೊಡ್ಡವರನ್ನು ಉಳಿಸಿಕೊಳ್ಳಲು ಈ ಏರ್ಪಾಡು.

ಆಗಿದ್ದೇನು? ಯಾರಿಗೆ ಕೆಂಪು ಹಾಸು ಹಾಸಿದರೋ ಅವರಲ್ಲೇ ಹಲವರು ಮುಖ ತಿರುಗಿಸಿಕೊಂಡು ಹೋದರು. ಯಾರು ಬಾಗಿಲಲ್ಲಿ ಕಾಯುತ್ತಿದ್ದರೋ ಅವರಲ್ಲಿ ಹಲವರನ್ನು ಒಳಗೆ ಬಿಡಲಿಲ್ಲ. ಇಂಡಿಯಾನಾ ಸ್ಟೇಟ್‌ನ ರ‍್ಯಾಂಕಿಂಗ್ ಅಷ್ಟು ಮೇಲಿದ್ದಿದ್ದಕ್ಕೆ ಕರೆಸಿಕೊಂಡಿತು. ಬೇರೆ ಹಲವು ಲೀಗ್ ಚಾಂಪಿಯನ್‌ಗಳಿಗೆ ಎನ್‌ಐಟಿ ಸಿಗಲಿಲ್ಲ.

ಫಾಕ್ಸ್ ಟೂರ್ನಿ ಹೇಗೂ ಬಂದೇ ಬಂತು. ಈ ವರ್ಷದಿಂದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಕ್ರೌನ್. ಬಿಗ್ ಟೆನ್, ಬಿಗ್ 12, ಬಿಗ್ ಈಸ್ಟ್ ಅನ್ನೋ ದೊಡ್ಡ ಕಾನ್ಫರೆನ್ಸ್‌ಗಳ ಹಲವು ಟೀಮು ಆ ಕಡೆ ಹೋದವು. ಆಮೇಲೆ ಎನ್‌ಐಟಿಯವರಿಗೆ ಸಣ್ಣವರ ನೆನಪಾಯಿತು. ಲೀಗ್ ಗೆದ್ದು, ಹಲವು ರ‍್ಯಾಂಕಿಂಗ್‌ಗಳ ಸರಾಸರಿ 125ರೊಳಗೆ ಇದ್ದರೆ ಈ ಸಲ ಜಾಗ ಖಾತ್ರಿ ಅಂದರು. ಅರ್ಧ ಬಾಗಿಲು ತೆರೆದ ಹಾಗೆ.

ಈಗ ಇವತ್ತಿನ ಫೈನಲ್ ನೋಡಿ. ಚಟ್ಟನೂಗ ಸದರ್ನ್ ಕಾನ್ಫರೆನ್ಸ್ ಗೆದ್ದು, ಕಾನ್ಫರೆನ್ಸ್ ಟೂರ್ನಿ ಸೆಮಿಫೈನಲ್‌ನಲ್ಲಿ ಫರ್ಮನ್‌ಗೆ ಸೋತವರು. ಅರ್ವೈನ್‌ನವರು ಬಿಗ್ ವೆಸ್ಟ್ ಫೈನಲ್‌ನಲ್ಲಿ ಯುಸಿ ಸ್ಯಾನ್ ಡಿಯೆಗೊಗೆ ಸೋತವರು. ಇಬ್ಬರಿಗೂ ಒಂದೇ ರಾತ್ರಿಯಲ್ಲಿ ಕನಸು ಕೈತಪ್ಪಿತ್ತು. ಬರಬೇಕಾದವರು ಬಂದಾಗ ಟೂರ್ನಿ ಹೇಗಿರುತ್ತೆ ಅಂತ ಕಾಣಿಸಿತು, ಅಲ್ವಾ? ನಾನು ಹೇಳೋದಿಷ್ಟೇ. ಬೇಡ ಅನ್ನುವವರನ್ನು ಓಲೈಸುವುದು ಬಿಟ್ಟು 32ರಲ್ಲಿ ಇಪ್ಪತ್ತು ಜಾಗ ಸಣ್ಣ ಲೀಗ್‌ಗಳಿಗೆ ಕೊಡಲಿ.

ಸೈಡ್‌ಲೈನ್

ಟಿವಿಯಲ್ಲಿ ಯಾರು ನೋಡುತ್ತಾರೆ? ಹೆಸರಿದ್ದ ಟೀಮು ಇಲ್ಲದಿದ್ದರೆ ಜಾಹೀರಾತು ಬರಲ್ಲ, ಜಾಹೀರಾತು ಬರದಿದ್ದರೆ ಟೂರ್ನಿ ನಡೆಯಲ್ಲ. ಎನ್‌ಸಿಎಎ ಧರ್ಮಛತ್ರ ನಡೆಸುತ್ತಿಲ್ಲ.

ಮೂರು ಪಾಯಿಂಟ್

ಹೆಸರಿದ್ದವರು ಬರಲ್ಲ ಅಂತ ನೀವೇ ಅಲ್ವಾ ಮೇಲೆ ಪಟ್ಟಿ ಕೊಟ್ಟಿದ್ದು?

ಫ್ರೀಥ್ರೋ ಅಕ್ಕ (ಮೈಸೂರು)

😂

ಅಂದಹಾಗೆ ಈ ಕ್ರೌನ್‌ನಲ್ಲಿ ದುಡ್ಡು ಕೊಡುತ್ತಾರಂತೆ, ನಿಜಾನಾ?

ಮೂರು ಪಾಯಿಂಟ್

ನಿಜ ಅಕ್ಕ. ಆಟಗಾರರ ಹೆಸರು, ಮುಖ ಬಳಸಿಕೊಳ್ಳುವುದಕ್ಕೆ ಕೊಡುವ ದುಡ್ಡು ಅನ್ನೋ ಲೆಕ್ಕದಲ್ಲಿ ಒಟ್ಟು 5 ಲಕ್ಷ ಡಾಲರ್. ಗೆದ್ದವರಿಗೆ 3 ಲಕ್ಷ, ಎರಡನೆಯವರಿಗೆ 1 ಲಕ್ಷ, ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ತಲಾ 50 ಸಾವಿರ. ಈ ಸಲ (2025) 16 ಟೀಮು, ಎಲ್ಲ ಮ್ಯಾಚ್ ವೆಗಾಸ್‌ನಲ್ಲೇ.

ಅತ್ತಿಗುಪ್ಪೆ

ಕೊಡೋದು ಒಂದು ಕಡೆ, ಇನ್ನೊಂದು ಕಡೆ ಕಾಲೇಜೇ ದುಡ್ಡು ಕಟ್ಟಿ ಆಡೋ ಟೂರ್ನಿಯೂ ಇದೆಯಲ್ವಾ? ಸಿಬಿಐ ಅಂತ. ನಮ್ಮ ಸಿಬಿಐ ರೇಡ್ ಮಾಡಿದರೆ ದುಡ್ಡು ತೆಗೆದುಕೊಂಡು ಹೋಗುತ್ತೆ, ಅಲ್ಲಿಯದೂ ಹಾಗೇ.

ಮೂರು ಪಾಯಿಂಟ್

ಹಾ, ಕಾಲೇಜ್ ಬ್ಯಾಸ್ಕೆಟ್‌ಬಾಲ್ ಇನ್ವಿಟೇಶನಲ್. 2008ರಿಂದ ಇದೆ. ಹೆಸರಿಗೆ ಆಹ್ವಾನ, ಫೀಸು ಬೇರೆ. ಮೊದಲು ಫೈನಲ್ ಮೂರು ಮ್ಯಾಚ್‌ಗಳ ಸರಣಿ ಆಗಿತ್ತು, ಅದೊಂದು ಮಜಾ. ಈಗ ಎಲ್ಲ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ.

ತಮಾಷೆ ಬೇಕಾದರೆ 2016ರ ವೆಗಾಸ್ 16 ನೋಡಿ. ಹೆಸರಲ್ಲಿ 16. ಬಂದಿದ್ದು 8 ಟೀಮು. ಒಂದೇ ವರ್ಷಕ್ಕೆ ಅಂಗಡಿ ಮುಚ್ಚಿತು. ಗೆದ್ದ ಓಲ್ಡ್ ಡೊಮಿನಿಯನ್‌ನವರು ಮಾತ್ರ ಫೈನಲ್‌ನಲ್ಲಿ ಒಂದೇ ಪಾಯಿಂಟ್‌ನಿಂದ ಗೆದ್ದಿದ್ದು, ಆಟಕ್ಕೇನೂ ಕೊರತೆ ಇರಲಿಲ್ಲ.

ಫ್ರೀಥ್ರೋ ಅಕ್ಕ (ಮೈಸೂರು)

ನಾನು ಯೂನಿವರ್ಸಿಟಿ ಟೀಮಿನಲ್ಲಿ ಆಡಿದವಳು. ಸೌತ್ ಝೋನ್‌ನಲ್ಲಿ ಸೋತರೆ ಬ್ಯಾಗ್ ಕಟ್ಟಿಕೊಂಡು ರಾತ್ರಿ ಬಸ್ ಹತ್ತೋದೇ. ಫೈನಲ್ ಇಯರ್ ಹುಡುಗಿಯರಿಗೆ ಅದೇ ಕೊನೇ ಮ್ಯಾಚ್ ಅಂತ ಬಸ್‌ನಲ್ಲಿ ಕೂತ ಮೇಲೆ ಗೊತ್ತಾಗೋದು. ಇನ್ನೊಂದು ವಾರ ಆಡಿ ಬನ್ನಿ ಅಂತ ಯಾರಾದರೂ ಕರೆದಿದ್ದರೆ ಕುಣಿದುಕೊಂಡು ಹೋಗುತ್ತಿದ್ದೆವು. ಸೈಡ್‌ಲೈನ್ ಅವರಿಗೆ ಇದು ಅರ್ಥವಾಗಲ್ಲ, ಅವರು ಹೆಸರಿಗೆ ತಕ್ಕ ಹಾಗೆ ಸೈಡ್‌ನಲ್ಲೇ ಕೂತವರು ಅನ್ನಿಸುತ್ತೆ.

ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಸ್ಕಾಲರ್‌ಶಿಪ್ ಮೇಲೆ ನಾರ್ದರ್ನ್ ಅರಿಜೋನಾಗೆ ಹೋಗಿ ಡಿವಿಷನ್ 1 ಆಡಿದ್ದು ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಹೆಣ್ಣುಮಕ್ಕಳಿಗೂ ಎನ್‌ಸಿಎಎ ಇಂಥದ್ದೇ 32 ಟೀಮಿನ ಟೂರ್ನಿ ಶುರು ಮಾಡಿದೆ, ಡಬ್ಲ್ಯೂಬಿಐಟಿ ಅಂತ, 2024ರಿಂದ. ಗಂಡಸರದ್ದು 1938ರಿಂದ. ಲೆಕ್ಕ ನೀವೇ ಹಾಕಿಕೊಳ್ಳಿ.

ಸೈಡ್‌ಲೈನ್

ಅಕ್ಕಾ, ನಾನೂ ಆಡಿದ್ದೇನೆ, ಬೆಂಚಿನಲ್ಲಿ ಕೂತು. ಬೆಂಚಿನಲ್ಲಿ ಕೂತವನಿಗೇ ಆಟ ಜಾಸ್ತಿ ಕಾಣೋದು.

ಅತ್ತಿಗುಪ್ಪೆ

ಕೋಚಿಂಗ್ ಮಾಡುವವನಾಗಿ ಇನ್ನೊಂದು ಉಪಯೋಗ ಹೇಳುತ್ತೇನೆ. ಹೊಸ ನಿಯಮಗಳನ್ನು ಮೊದಲು ಪ್ರಯೋಗಿಸೋದು ಎನ್‌ಐಟಿಯಲ್ಲೇ. 2018ರಲ್ಲಿ ಮೂರು ಪಾಯಿಂಟ್ ಗೆರೆಯನ್ನು ಅಂತಾರಾಷ್ಟ್ರೀಯ ಅಳತೆಗೆ ಹಿಂದಕ್ಕೆ ತಳ್ಳಿದರು, ಎರಡು ಅರ್ಧದ ಬದಲು ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್ ಆಡಿಸಿದರು, ದಾಳಿ ಮಾಡುವವರು ರೀಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಬಾಲ್) ಹಿಡಿದರೆ ಶಾಟ್ ಕ್ಲಾಕ್ (ಬಾಲ್ ಎಸೆಯಲು ಇರುವ ಸಮಯ) 20 ಸೆಕೆಂಡಿಗೆ ಅಂತ ಮಾಡಿದರು. ಗೆರೆ, ಶಾಟ್ ಕ್ಲಾಕ್ ಎರಡೂ ಮರುವರ್ಷವೇ ಪುರುಷರ ಕಾಲೇಜು ಆಟಕ್ಕೆ ಬಂದವು. ಕ್ವಾರ್ಟರ್ ಮಾತ್ರ ಅವರಿಗೆ ಇನ್ನೂ ಒಗ್ಗಿಲ್ಲ. ಇಲ್ಲಿ ನಾವೆಲ್ಲ ನಾಲ್ಕು ಕ್ವಾರ್ಟರ್ ಆಡಿ ಬೆಳೆದವರು, ಅವರ ಇಪ್ಪತ್ತು ನಿಮಿಷದ ಅರ್ಧ ನೋಡಿದರೆ ಉಸಿರು ಕಟ್ಟುತ್ತೆ.

ಮೇಷ್ಟ್ರು (ನ್ಯೂಜೆರ್ಸಿ)

ಸಿಕಮೋರ್ ಅವರ ಪೋಸ್ಟ್ ಓದಿ ಸ್ವಲ್ಪ ಸಂಕೋಚವಾಯಿತು, ಏಕೆಂದರೆ 2024ರಲ್ಲಿ ನಾನು ಆಚೆ ಕಡೆ ಕೂಗುತ್ತಿದ್ದವನು. ಸೀಟನ್ ಹಾಲ್ ನಮ್ಮೂರ ಹತ್ತಿರದ ಕಾಲೇಜು. ಅವರನ್ನೂ ಎನ್‌ಸಿಎಎ ಬಿಟ್ಟಿತ್ತು, ಬಿಗ್ ಈಸ್ಟ್‌ನಲ್ಲಿ 13 ಮ್ಯಾಚ್ ಗೆದ್ದಿದ್ದರೂ. ಮೊದಲ ಮ್ಯಾಚ್ ಆಡಿದ್ದು ದೊಡ್ಡ ಅರೇನಾದಲ್ಲಲ್ಲ, ಕ್ಯಾಂಪಸ್‌ನ ಹಳೇ ವಾಲ್ಶ್ ಜಿಮ್‌ನಲ್ಲಿ. ಸಾವಿರದ ಚಿಲ್ಲರೆ ಜನ ಹಿಡಿಸುತ್ತೆ ಅಷ್ಟೇ. ಅಲ್ಲಿ ಕೂಗಿದರೆ ಗೋಡೆಗೆ ಬಡಿದು ನಮ್ಮ ಕಿವಿಗೇ ವಾಪಸ್ ಬರುತ್ತೆ. ಸೇಂಟ್ ಜೋಸೆಫ್ಸ್ ಮೇಲೆ ಓವರ್‌ಟೈಮ್‌ನಲ್ಲಿ ಗೆದ್ದರು. ಕೊನೆಗೆ ಕಪ್ ತಂದರು. 1953ರ ನಂತರ ಮೊದಲ ಎನ್‌ಐಟಿ. ಕೋಚ್ ಶಹೀನ್ ಹಾಲೊವೇ ಅದೇ ಕಾಲೇಜಿನ ಹಳೇ ಆಟಗಾರ. ಆ ರಾತ್ರಿ ಅವರ ಮುಖ ನೋಡಿದವರು ಯಾರೂ ಇದನ್ನು ಸಮಾಧಾನಕರ ಬಹುಮಾನ ಅನ್ನಲಾರರು.

ಸೈಡ್‌ಲೈನ್

ಮತ್ತೆ ಮರುವರ್ಷ? 7 ಗೆಲುವು, 25 ಸೋಲು. ಅವರ ಮುಖ್ಯ ಆಟಗಾರ ಕಡಾರಿ ರಿಚ್ಮಂಡ್ ಎಲ್ಲಿಗೆ ಹೋದ? ಎನ್‌ಐಟಿ ಬೇಡ ಅಂದ ಸೇಂಟ್ ಜಾನ್ಸ್‌ಗೆ! ಇಂಡಿಯಾನಾ ಸ್ಟೇಟ್‌ನ ಕೋಚ್ ಸೇಂಟ್ ಲೂಯಿಸ್‌ಗೆ ಹೋದರು, ಗಾಗಲ್ಸ್ ಹುಡುಗನೂ ಹಿಂದೆಯೇ ಹೋದ. ಉಳಿದವರು ಟೆಕ್ಸಾಸ್, ಜೇವಿಯರ್ ಅಂತ ದಿಕ್ಕಿಗೊಬ್ಬರು. ನಾನು ಹೇಳ್ತಾ ಇರೋದು ಇದೇ. ಎನ್‌ಐಟಿಯಲ್ಲಿ ಚೆನ್ನಾಗಿ ಆಡಿದರೆ ಸಿಗೋದು ದೊಡ್ಡವರ ಕಣ್ಣು. ಅದು ಈಗ ಸಂತೆ, ಟೂರ್ನಿ ಅಲ್ಲ.

ಸಿಕಮೋರ್ ಕನ್ನಡಿಗ (ಇಂಡಿಯಾನಾ)

ಹೋದರು, ನಿಜ. ಬೇಜಾರೂ ಆಯಿತು. ಆದರೆ ಅದು ಎನ್‌ಐಟಿಯ ತಪ್ಪಲ್ಲವಲ್ಲ. ಎನ್‌ಸಿಎಎ ಆಡಿದ ಸಣ್ಣ ಕಾಲೇಜುಗಳ ಕಥೆಯೂ ಅದೇ. ಹಾಗೆ ನೋಡಿದರೆ ಆ ಹುಡುಗರು ಒಟ್ಟಿಗೆ ಆಡಿದ ಕೊನೇ ಮೂರು ವಾರ ನಮಗೆ ಸಿಕ್ಕಿದ್ದೇ ಎನ್‌ಐಟಿಯಿಂದ. ಅವಿಲಾ ಹೋಗಿದ್ದಾನೆ, ಗಾಗಲ್ಸ್ ಮಾತ್ರ ಊರಿನ ಮಕ್ಕಳ ಹತ್ತಿರ ಇನ್ನೂ ಇದೆ.

ಡಂಕ್ ದೊರೆ (ಬೆಂಗಳೂರು), ಏಪ್ರಿಲ್ 8

ಎಲ್ಲ ಮುಗಿಯಿತು. ಕ್ರೌನ್ ನೆಬ್ರಾಸ್ಕಾ ಗೆದ್ದಿತು, ಯುಸಿಎಫ್ ಮೇಲೆ 77-66. ಇವತ್ತು ಎನ್‌ಸಿಎಎ ಫೈನಲ್‌ನಲ್ಲಿ ಫ್ಲಾರಿಡಾ 65, ಹ್ಯೂಸ್ಟನ್ 63.

ಈ ಸಲ ಎನ್‌ಸಿಎಎ ಪಟ್ಟಿಯಿಂದ ಬಿಟ್ಟುಹೋದವರಲ್ಲಿ ಯಾರಿಗೆ ಜಾಸ್ತಿ ಅನ್ಯಾಯ ಆಯಿತು? ನನ್ನ ವೋಟು ವೆಸ್ಟ್ ವರ್ಜೀನಿಯಾಗೆ.

ಮೂರು ಪಾಯಿಂಟ್

ಆ ರಾಜ್ಯದ ಗವರ್ನರ್ ಪ್ರೆಸ್ ಮೀಟ್ ಕರೆದು ತನಿಖೆ ಮಾಡಿಸ್ತೀನಿ ಅಂದರು! ಆಯ್ಕೆ ಕಮಿಟಿಯ ಅಧ್ಯಕ್ಷರು ನಾರ್ತ್ ಕರೊಲಿನಾ ಕಾಲೇಜಿನವರು, ಕೊನೇ ಜಾಗ ಸಿಕ್ಕಿದ್ದೂ ನಾರ್ತ್ ಕರೊಲಿನಾಗೆ. ನೋಡಿದವರಿಗೆ ಅನುಮಾನ ಬರದೇ ಇರುತ್ತಾ? ಅವರ ಕಾಲೇಜಿನ ಚರ್ಚೆ ಬಂದಾಗ ಅಧ್ಯಕ್ಷರು ಹೊರಗೆ ಹೋಗಬೇಕು ಅನ್ನೋ ನಿಯಮ ಇದೆ, ಆದರೂ. ಕರೊಲಿನಾದವರು ಡೇಟನ್‌ನಲ್ಲಿ ಸ್ಯಾನ್ ಡಿಯೆಗೊ ಸ್ಟೇಟ್ ಮೇಲೆ 95-68ರಿಂದ ಗೆದ್ದು ಬಾಯಿ ಮುಚ್ಚಿಸಿದರು ಅಂತಿಟ್ಟುಕೊಳ್ಳಿ.

ವೆಸ್ಟ್ ವರ್ಜೀನಿಯಾ ಆಮೇಲೆ ಎಲ್ಲೂ ಆಡಲಿಲ್ಲ. ಕೋಚ್ ಇಂಡಿಯಾನಾಗೆ ಹೋದರು.

ಫ್ರೀಥ್ರೋ ಅಕ್ಕ (ಮೈಸೂರು)

ಒಂದು ಕಾಲೇಜು ಟೂರ್ನಿಗೆ ಗವರ್ನರ್ ಪ್ರೆಸ್ ಮೀಟ್. ನಮ್ಮಲ್ಲಿ ಗ್ರೌಂಡಿನ ಲೈಟ್ ಹಾಕಿಸಿಕೊಳ್ಳೋಕೆ ಅರ್ಜಿ ಕೊಟ್ಟು ಕಾಯಬೇಕು.

ಮೂರು ಪಾಯಿಂಟ್, ಏಪ್ರಿಲ್ 28

ಈ ಥ್ರೆಡ್ ಮೇಲಕ್ಕೆ ತರ್ತಾ ಇದ್ದೀನಿ, ಕ್ಷಮಿಸಿ. ವೆಸ್ಟ್ ವರ್ಜೀನಿಯಾದವರ ಹೊಸ ಕೋಚ್ ಯಾರು ಗಮನಿಸಿದಿರಾ? ರಾಸ್ ಹಾಡ್ಜ್. ಈ ಸಲ ಎನ್‌ಐಟಿ ಸೆಮಿಫೈನಲ್ ತನಕ ಬಂದ ನಾರ್ತ್ ಟೆಕ್ಸಾಸ್‌ನ ಕೋಚ್. ಅವರು ಕರೆಸಿಕೊಂಡಿದ್ದು ಯಾರನ್ನು? ಆನರ್ ಹಫ್. ಎನ್‌ಐಟಿ ಗೆದ್ದ ಚಟ್ಟನೂಗದ ಮೂರು ಪಾಯಿಂಟ್ ಸ್ಪೆಷಲಿಸ್ಟ್.

ಸೈಡ್‌ಲೈನ್

ಸಂತೆ ಅಂದೆನಲ್ಲ.

ಸಿಕಮೋರ್ ಕನ್ನಡಿಗ (ಇಂಡಿಯಾನಾ)

ಸಂತೆಯಾದರೂ ಸರಕು ಒಳ್ಳೇದೇ ಇದೆ ಅಂತ ಒಪ್ಪಿಕೊಂಡಿರಲ್ಲ, ಸಾಕು 🙂

ಮುಂದಿನ ವರ್ಷ ಎನ್‌ಸಿಎಎ ಫೈನಲ್ ಫೋರ್ ಇಂಡಿಯಾನಾಪೊಲಿಸ್‌ನಲ್ಲೇ ಇದೆ. ಆ ಕಡೆ ಬರುವ ಕನ್ನಡದವರು ಇದ್ದರೆ ಮೆಸೇಜ್ ಹಾಕಿ. ಹೋಟೆಲ್ ರೇಟು ಆ ವಾರ ಕೈಗೆ ಸಿಗಲ್ಲ, ನಮ್ಮ ಮನೆಯಲ್ಲಿ ಜಾಗ ಇದೆ. ಸೈಡ್‌ಲೈನ್ ಅವರೂ ಬರಬಹುದು, ಎನ್‌ಐಟಿ ಬಗ್ಗೆ ಮಾತಾಡಬಾರದು ಅಷ್ಟೇ.